ಇಂಗ್ಲಿಷಿನೊಳಗೆ ಇಷ್ಟೊಂದು ಫ್ರೆಂಚ್, ಲ್ಯಾಟಿನ್ ಯಾವಾಗ ಸೇರಿಕೊಂಡಿತು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಇಂಗ್ಲಿಷ್ ಜರ್ಮಾನಿಕ್ ಕುಟುಂಬದ ಭಾಷೆ ಎಂದು ಪುಸ್ತಕದಲ್ಲಿದೆ. ಆದರೆ ಡಿಕ್ಷನರಿ ತೆರೆದರೆ ಪುಟಪುಟಕ್ಕೂ ಇದು ಫ್ರೆಂಚಿನಿಂದ ಬಂದದ್ದು, ಇದು ಲ್ಯಾಟಿನ್ನಿನಿಂದ ಬಂದದ್ದು ಎಂದೇ ಇರುತ್ತದೆ. 1066 ರಲ್ಲಿ ನಾರ್ಮನ್ನರು ಗೆದ್ದು ಫ್ರೆಂಚ್ ಹೇರಿದ್ದರಿಂದ ಹೀಗಾಯಿತು ಎಂದು ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಅದು ಸರಿಯಾ? ಹಾಗೇ, ‘ಡೆಟ್’ ಎಂದು ಓದುವ ಪದಕ್ಕೆ ಸ್ಪೆಲ್ಲಿಂಗಿನಲ್ಲಿ ಬಿ ಯಾಕೆ ಎಂದು ಒಬ್ಬ ಹುಡುಗ ಕೇಳಿದ. ಏನು ಹೇಳಲಿ?

ಉತ್ತರ: ಮೇಡಂ, ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಇಂಗ್ಲಿಷ್ ಜರ್ಮಾನಿಕ್ ಭಾಷೆಯೇ, ಅಂದರೆ ಜರ್ಮನ್, ಡಚ್ ಭಾಷೆಗಳ ಬಳಗದ್ದು, ಪುಸ್ತಕ ಸರಿ. ನೀವು ಹೇಳುವ 1066 ರ ಕಥೆ ಅರ್ಧ ಸರಿ. ನಾರ್ಮನ್ನರು ಗೆದ್ದದ್ದು ನಿಜ, ಫ್ರೆಂಚ್ ಆಡುತ್ತಿದ್ದದ್ದೂ ನಿಜ. ಆದರೆ ಅವರು ಫ್ರೆಂಚಿನಲ್ಲೇ ದರ್ಬಾರು ನಡೆಸುತ್ತಿದ್ದ ಕಾಲದಲ್ಲಿ ಇಂಗ್ಲಿಷಿಗೆ ಬಂದ ಫ್ರೆಂಚ್ ಪದಗಳು ಕಡಿಮೆ. ರಾಶಿ ರಾಶಿ ಬಂದದ್ದು ಆಮೇಲೆ, ಇನ್ನೂರು ವರ್ಷ ಕಳೆದ ಮೇಲೆ, ಅವರ ಮರಿಮಕ್ಕಳಿಗೆ ಫ್ರೆಂಚ್ ಮರೆತುಹೋಗುತ್ತಿದ್ದಾಗ. ಇದು ಉಲ್ಟಾ ಅನ್ನಿಸಬಹುದು. ಯಾಕೆ ಹಾಗಾಯಿತು ಎನ್ನುವುದೇ ಈ ವಿಷಯದ ತಿರುಳು, ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಡಿಕ್ಷನರಿ ಎಣಿಸಿ ಭಾಷೆಯ ಕುಲ ಹೇಳುವುದಕ್ಕೆ ಆಗುವುದಿಲ್ಲ. 1973 ರಲ್ಲಿ ಒಂದು ಆಕ್ಸ್‌ಫರ್ಡ್ ಡಿಕ್ಷನರಿಯ ಸುಮಾರು 80,000 ಪದಗಳನ್ನು ಎಣಿಸಿದ್ದರು. ಫ್ರೆಂಚ್ ಮೂಲದವು ಶೇ. 28 ರಷ್ಟು, ಲ್ಯಾಟಿನ್ ಹತ್ತಿರಹತ್ತಿರ ಅಷ್ಟೇ, ಜರ್ಮಾನಿಕ್ ಶೇ. 25. ಅಂಕಿ ನೋಡಿದರೆ ಇಂಗ್ಲಿಷ್ ಸೋತುಹೋಗಿದೆ ಅನ್ನಿಸುತ್ತದೆ. ಆದರೆ ಬಾಯಲ್ಲಿ ದಿನವಿಡೀ ಓಡಾಡುವ ಪದಗಳನ್ನು ನೋಡಿ. ಐ, ಯು, ಹಿ, ದಿ, ಇನ್, ಆಫ್, ಈಸ್, ಹ್ಯಾವ್, ಗೋ, ಕಮ್, ಈಟ್, ಡ್ರಿಂಕ್, ಹೆಡ್, ಹ್ಯಾಂಡ್, ಮದರ್, ಫಾದರ್. ಎಲ್ಲ ಹಳೇ ಇಂಗ್ಲಿಷಿನವೇ. ಕ್ರಿಯಾಪದಕ್ಕೆ ಹತ್ತುವ ‘ಎಡ್’, ‘ಇಂಗ್’ ಕೂಡ ಅದರದ್ದೇ. ಕನ್ನಡ ನಿಘಂಟಿನಲ್ಲಿ ಸಂಸ್ಕೃತ ಪದಗಳು ಎಷ್ಟೇ ತುಂಬಿದ್ದರೂ ನಾನು, ನೀನು, ಬಾ, ಹೋಗು, ತಿನ್ನು, ಒಂದು, ಎರಡು ನಮ್ಮವೇ, ವಿಭಕ್ತಿ ಪ್ರತ್ಯಯಗಳು ನಮ್ಮವೇ. ಹಾಗಾಗಿ ಕನ್ನಡ ದ್ರಾವಿಡ ಭಾಷೆ. ಇಂಗ್ಲಿಷಿನ ಲೆಕ್ಕವೂ ಅದೇ.

ಕ್ಲಾಸಿನಲ್ಲಿ ಇದನ್ನು ತೋರಿಸುವುದು ಸುಲಭ. ‘ದಿ ಮ್ಯಾನ್ ವೆಂಟ್ ಹೋಮ್ ಅಂಡ್ ಏಟ್ ಹಿಸ್ ಬ್ರೆಡ್’ ಎಂದು ಬರೆಯಿರಿ. ಒಂದೇ ಒಂದು ಪರಕೀಯ ಪದ ಇಲ್ಲ. ಈಗ ಬರೀ ಫ್ರೆಂಚ್ ಮೂಲದ ಪದಗಳನ್ನೇ ಇಟ್ಟುಕೊಂಡು ಒಂದು ಸಾಮಾನ್ಯ ಇಂಗ್ಲಿಷ್ ವಾಕ್ಯ ಕಟ್ಟಿ ನೋಡಿ ಎಂದು ಮಕ್ಕಳಿಗೆ ಹೇಳಿ. ‘ದಿ’, ‘ಈಸ್’, ‘ಆಫ್’ ಇಲ್ಲದೆ ಹೆಜ್ಜೆ ಮುಂದಿಡುವುದೇ ಕಷ್ಟ. ಅಪವಾದಗಳೂ ಮಜಾ ಇವೆ. ಫಸ್ಟ್, ಥರ್ಡ್, ಫೋರ್ತ್ ಎಲ್ಲ ಹಳೇ ಇಂಗ್ಲಿಷ್, ನಡುವೆ ‘ಸೆಕೆಂಡ್’ ಒಂದು ಮಾತ್ರ ಫ್ರೆಂಚ್. ಮೊದಲು ಆ ಜಾಗದಲ್ಲಿ ‘ಅದರ್’ ಇತ್ತು. ಎರಡನೆಯದು ಅಂತಲೂ ಬೇರೆಯದು ಅಂತಲೂ ಅದಕ್ಕೆ ಅರ್ಥ, ಗೊಂದಲವಾಗುತ್ತಿತ್ತೇನೋ, ಹೊಸಬನಿಗೆ ಜಾಗ ಸಿಕ್ಕಿತು.

ಇನ್ನು ಲ್ಯಾಟಿನ್. ಇದು ಫ್ರೆಂಚಿಗಿಂತ ಬಹಳ ಮುಂಚೆಯೇ ಬಂದಿತ್ತು. ಇಂಗ್ಲಿಷಿನ ಮೂಲ ಭಾಷೆ ಆಡುತ್ತಿದ್ದ ಆಂಗ್ಲರು, ಸ್ಯಾಕ್ಸನ್ನರು 5ನೇ ಶತಮಾನದಲ್ಲಿ ಬ್ರಿಟನ್ನಿಗೆ ಬರುವ ಮೊದಲೇ, ಇನ್ನೂ ಯುರೋಪಿನ ನೆಲದಲ್ಲಿ ಇದ್ದಾಗಲೇ, ರೋಮನ್ನರ ಜೊತೆ ಅವರ ವ್ಯಾಪಾರ ನಡೆಯುತ್ತಿತ್ತು. ಆಗ ಸಿಕ್ಕಿದ ಪದಗಳು ‘ವೈನ್’, ‘ಸ್ಟ್ರೀಟ್’, ‘ವಾಲ್’, ‘ಚೀಸ್’, ‘ಕಿಚನ್’, ‘ಮೈಲ್’. ಇವನ್ನು ನೋಡಿದರೆ ಲ್ಯಾಟಿನ್ ಎಂದು ಯಾರಿಗೂ ಅನ್ನಿಸುವುದಿಲ್ಲ, ಅಷ್ಟು ಸವೆದುಹೋಗಿವೆ. ಮೈಲ್ ಎಂದರೆ ಸಾವಿರ, ರೋಮನ್ ಸೈನಿಕರ ಸಾವಿರ ಹೆಜ್ಜೆ, ಒಂದು ಹೆಜ್ಜೆ ಎಂದರೆ ಎಡ ಬಲ ಎರಡೂ ಸೇರಿ. ಮ್ಯಾಂಚೆಸ್ಟರ್, ವಿಂಚೆಸ್ಟರ್, ಲ್ಯಾಂಕಾಸ್ಟರ್ ಊರುಗಳ ಬಾಲದಲ್ಲಿ ಇರುವುದು ‘ಕಾಸ್ತ್ರ’, ಅಂದರೆ ರೋಮನ್ ಸೈನ್ಯದ ಪಾಳೆಯ. ಆಮೇಲೆ 597 ರಲ್ಲಿ ಪೋಪ್ ಗ್ರೆಗೊರಿ ಕಳಿಸಿದ ಅಗಸ್ಟೀನ್ ಕೆಂಟ್ ಸೀಮೆಗೆ ಬಂದು ಇಳಿದ. ಅವನು ತಂದ ಧರ್ಮದ ಜೊತೆಗೆ ‘ಬಿಷಪ್’, ‘ಪ್ರೀಸ್ಟ್’, ‘ಮಾಂಕ್’, ‘ಕ್ಯಾಂಡಲ್’, ‘ಸ್ಕೂಲ್’ ಬಂದವು. ಎಷ್ಟೋ ಪದಗಳ ಬೇರು ಗ್ರೀಕಿನಲ್ಲಿದೆ, ಬಂದ ದಾರಿ ಲ್ಯಾಟಿನ್.

ಈಗ 1066. ಆ ವರ್ಷದ ಜನವರಿಯಲ್ಲಿ ರಾಜ ಎಡ್ವರ್ಡ್ ಮಕ್ಕಳಿಲ್ಲದೆ ಸತ್ತ. ಹೆರಾಲ್ಡ್ ಪಟ್ಟಕ್ಕೆ ಬಂದ. ಅಕ್ಟೋಬರ್ 14 ರಂದು ಹೇಸ್ಟಿಂಗ್ಸ್ ಬಳಿ ನಾರ್ಮಂಡಿಯ ವಿಲಿಯಂ ಅವನನ್ನು ಸೋಲಿಸಿದ, ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಿರೀಟ ಇಟ್ಟುಕೊಂಡ. ಈ ನಾರ್ಮನ್ನರು ಮೂಲದಲ್ಲಿ ಫ್ರೆಂಚರೇ ಅಲ್ಲ. ಉತ್ತರ ಯುರೋಪಿನಿಂದ ಹಡಗಿನಲ್ಲಿ ದಾಳಿಗೆ ಬರುತ್ತಿದ್ದ ವೈಕಿಂಗರು ಸುಮಾರು 911 ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ನೆಲೆ ನಿಂತು, ನಾಲ್ಕಾರು ತಲೆಮಾರಿನಲ್ಲಿ ತಮ್ಮ ಭಾಷೆ ಬಿಟ್ಟು ಫ್ರೆಂಚ್ ಕಲಿತಿದ್ದರು. ಇಂಗ್ಲೆಂಡಿನಲ್ಲೂ ಮುಂದೆ ಅದನ್ನೇ ಮಾಡಿದರು, ಅಂದರೆ ಭಾಷೆ ಬಿಡುವುದು ಅವರಿಗೆ ಹೊಸದಲ್ಲ.

ಇಪ್ಪತ್ತು ವರ್ಷದಲ್ಲಿ ದೊಡ್ಡ ಜಮೀನೆಲ್ಲ ಹೊಸಬರ ಕೈಗೆ ಹೋಯಿತು. ಬಿಷಪ್ ಹುದ್ದೆಗಳೂ ಹೋದವು. 1086 ರಲ್ಲಿ ವಿಲಿಯಂ ಇಡೀ ದೇಶದ ಜಮೀನು ಲೆಕ್ಕ ಬರೆಸಿದ. ಅದು ಇಂಗ್ಲಿಷಿನಲ್ಲೂ ಇಲ್ಲ, ಫ್ರೆಂಚಿನಲ್ಲೂ ಇಲ್ಲ, ಲ್ಯಾಟಿನ್ನಿನಲ್ಲಿದೆ. ಕಡತಕ್ಕೂ ಚರ್ಚಿಗೂ ಲ್ಯಾಟಿನ್, ಅರಮನೆಯಲ್ಲಿ ಫ್ರೆಂಚ್, ಹೊಲದಲ್ಲಿ ಇಂಗ್ಲಿಷ್. ಮುನ್ನೂರು ವರ್ಷ ಹೀಗೇ ನಡೆಯಿತು ಎಂದು ಶಾಲೆಯಲ್ಲಿ ಹೇಳುತ್ತೇವೆ ಅಲ್ವಾ, ಅದು ಸ್ವಲ್ಪ ಜಾಸ್ತಿಯಾಯಿತು. ವಿಲಿಯಂ ತಾನೇ 43 ನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಕೂತು, ಆಗದೆ ಕೈಬಿಟ್ಟ ಎಂದು ಆರ್ಡರಿಕ್ ವಿಟಾಲಿಸ್ ಎಂಬ ಚರಿತ್ರೆಕಾರ ಬರೆದಿದ್ದಾನೆ. ಇಂಗ್ಲಿಷನ್ನು ತುಳಿದು ಹಾಕಬೇಕು ಎಂದು ಯಾರೂ ಹೊರಟಿರಲಿಲ್ಲ. ಅದರ ಗೊಡವೆ ಬೇಕಿರಲಿಲ್ಲ, ಅಷ್ಟೇ.

ಗೊಡವೆ ಇಲ್ಲದಿದ್ದುದರಿಂದ ಏನಾಯಿತು? ಎರಡು ಭಾಷೆಗಳು ಅಕ್ಕಪಕ್ಕ ಇದ್ದವು, ಬೆರೆಯಲಿಲ್ಲ. ಪೀಟರ್‌ಬರೊ ಮಠದ ಸನ್ಯಾಸಿಗಳು 1154 ರವರೆಗೂ ಇಂಗ್ಲಿಷಿನಲ್ಲೇ ವರ್ಷವರ್ಷದ ದಾಖಲೆ ಬರೆಯುತ್ತಾ ಹೋದರು. ಗೆದ್ದವರು ಬಂದು ಹತ್ತಿರಹತ್ತಿರ ತೊಂಬತ್ತು ವರ್ಷ ಆಗಿತ್ತು, ಆದರೂ ಅದರಲ್ಲಿ ಫ್ರೆಂಚ್ ಪದಗಳನ್ನು ಹುಡುಕಿಯೇ ತೆಗೆಯಬೇಕು. ವಿಲಿಯಂ ಸತ್ತ 1087 ರ ದಾಖಲೆಯಲ್ಲಿ ಅವನ ಮೇಲೆ ಒಂದು ಪದ್ಯ ಇದೆ. ಮೊದಲ ಸಾಲೇ, ಅವನು ‘ಕ್ಯಾಸಲ್’ ಕಟ್ಟಿಸಿದ, ಬಡವರನ್ನು ಹಿಂಡಿದ ಎನ್ನುತ್ತದೆ. ‘ಕ್ಯಾಸಲ್’ ಪದ ಯಾಕೆ ಅಷ್ಟು ಬೇಗ ಬಂತು? ಆ ಮಾದರಿಯ ಕೋಟೆ ಊರ ತಲೆಯ ಮೇಲೇ ಎದ್ದು ನಿಂತಿತ್ತು, ಅದಕ್ಕೊಂದು ಹೆಸರು ಬೇಕಿತ್ತು. ಸಾಮಾನ್ಯ ಜನಕ್ಕೆ ಒಡೆಯರ ಭಾಷೆಯಿಂದ ಬೇಕಾದದ್ದು ಅಷ್ಟೇ.

ಮುಂದೆ ಗಾಳಿ ತಿರುಗಿದ್ದು 1204 ರಲ್ಲಿ. ರಾಜ ಜಾನ್ ನಾರ್ಮಂಡಿಯನ್ನು ಫ್ರಾನ್ಸಿನ ರಾಜನಿಗೆ ಕಳೆದುಕೊಂಡ. ಎರಡೂ ಕಡೆ ಜಮೀನು ಇಟ್ಟುಕೊಂಡಿದ್ದ ಮನೆತನಗಳು ಇಲ್ಲಿಯೋ ಅಲ್ಲಿಯೋ ಎಂದು ತೀರ್ಮಾನಿಸಬೇಕಾಯಿತು. ಇಲ್ಲಿ ಉಳಿದವರಿಗೆ ಸಮುದ್ರದ ಆಚೆ ಬೇರು ಉಳಿಯಲಿಲ್ಲ. ಅವರ ಮಕ್ಕಳನ್ನು ಆಡಿಸಿದ ದಾದಿಯರು ಇಂಗ್ಲಿಷಿನವರು, ಎಷ್ಟೋ ಜನರ ತಾಯಂದಿರೂ ಇಂಗ್ಲಿಷಿನವರು.

13ನೇ ಶತಮಾನದ ನಡುವೆ ವಾಲ್ಟರ್ ಆಫ್ ಬಿಬ್ಸ್‌ವರ್ತ್ ಎಂಬಾತ ಒಬ್ಬ ಸಿರಿವಂತ ಒಡತಿಯ ಮಕ್ಕಳಿಗಾಗಿ ಒಂದು ಪುಸ್ತಕ ಬರೆದ. ಪದ್ಯದಲ್ಲಿ ಫ್ರೆಂಚ್ ಪದಗಳನ್ನು ಕಲಿಸುವ ಪುಸ್ತಕ. ಮೈಯ ಭಾಗಗಳು, ಬೇಸಾಯ, ಮನೆಗೆಲಸ, ಊಟ, ಹೀಗೆ ಸಾಗುತ್ತದೆ. ಕೈಬರಹದ ಪ್ರತಿಗಳಲ್ಲಿ ಫ್ರೆಂಚ್ ಸಾಲುಗಳ ನಡುವೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಅರ್ಥ ಬರೆದಿದೆ. ಸ್ವಲ್ಪ ಯೋಚಿಸಿ. ಫ್ರೆಂಚ್ ಮನೆಮಾತಾಗಿರುವ ಮಗುವಿಗೆ ಫ್ರೆಂಚ್ ಪದದ ಅರ್ಥವನ್ನು ಇಂಗ್ಲಿಷಿನಲ್ಲಿ ಯಾರೂ ಬರೆದುಕೊಡುವುದಿಲ್ಲ. ಅಂದರೆ ಆಗಲೇ ದೊಡ್ಡ ಮನೆಯ ಮಕ್ಕಳಿಗೂ ಇಂಗ್ಲಿಷ್ ಮನೆಮಾತು, ಫ್ರೆಂಚ್ ಮೇಷ್ಟ್ರಿಂದ ಕಲಿಯುವ ಭಾಷೆ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಸಾಕ್ಷಿ ಇದು.

ಪದಗಳು ದಂಡಿಯಾಗಿ ಬರಲು ಶುರುವಾದದ್ದು ಸರಿಯಾಗಿ ಈ ಹೊತ್ತಿನಲ್ಲಿ. ಹೆಚ್ಚುಕಡಿಮೆ 1250 ರಿಂದ 1400 ರವರೆಗೆ. ಕಾರಣ ಸರಳ. ಕೋರ್ಟು, ತೆರಿಗೆ, ಬಟ್ಟೆ, ಬೇಟೆ, ಓದು ಎಲ್ಲವನ್ನೂ ಫ್ರೆಂಚಿನಲ್ಲೇ ಮಾತಾಡಿ ರೂಢಿಯಿದ್ದವನು ಈಗ ಇಂಗ್ಲಿಷ್ ಆಡಬೇಕು. ಆ ವಿಷಯಗಳಿಗೆ ಇಂಗ್ಲಿಷ್ ಪದ ಅವನಿಗೆ ಗೊತ್ತಿಲ್ಲ, ಕೆಲವಕ್ಕೆ ಇಲ್ಲವೇ ಇಲ್ಲ. ನಾಲಿಗೆಯ ಮೇಲಿರುವ ಫ್ರೆಂಚ್ ಪದವನ್ನೇ ಇಂಗ್ಲಿಷ್ ವಾಕ್ಯದೊಳಗೆ ಹಾಕಿ ಮಾತಾಡುತ್ತಾನೆ. ‘ಪಾರ್ಲಿಮೆಂಟ್’, ‘ಗವರ್ನಮೆಂಟ್’, ‘ಟ್ಯಾಕ್ಸ್’, ‘ಆರ್ಮಿ’, ‘ಸೋಲ್ಜರ್’, ‘ಫ್ಯಾಷನ್’, ‘ಕಲರ್’, ‘ಡಿನ್ನರ್’ ಎಲ್ಲ ಹೀಗೆ ಸೇರಿಕೊಂಡವು. ಆಳುವವರು ಫ್ರೆಂಚ್ ಆಡುತ್ತಲೇ ಇದ್ದಿದ್ದರೆ ಇವು ಇಂಗ್ಲಿಷಿಗೆ ಬರುವ ಅಗತ್ಯವೇ ಇರಲಿಲ್ಲ.

1337 ರಲ್ಲಿ ಫ್ರಾನ್ಸಿನ ಜೊತೆ ನೂರು ವರ್ಷದ ಯುದ್ಧ ಶುರುವಾಯಿತು, 1348 ರಲ್ಲಿ ಪ್ಲೇಗು ಬಂದು ಊರಿಗೆ ಊರೇ ಖಾಲಿಯಾಯಿತು, ಉಳಿದ ಕೂಲಿಯವರಿಗೆ ಬೆಲೆ ಬಂತು, ಅವರ ಭಾಷೆಗೂ ಬಂತು. 1362 ರಲ್ಲಿ ಒಂದು ಕಾನೂನು ಮಾಡಿದರು. ಫ್ರೆಂಚ್ ಜನಕ್ಕೆ ತಿಳಿಯುವುದಿಲ್ಲ, ಇನ್ನು ಮೇಲೆ ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ, ದಾಖಲೆ ಮಾತ್ರ ಲ್ಯಾಟಿನ್ನಿನಲ್ಲಿರಲಿ ಎಂದು. ಈ ಕಾನೂನನ್ನು ಬರೆದದ್ದು ಯಾವ ಭಾಷೆಯಲ್ಲಿ ಗೊತ್ತಾ? ಫ್ರೆಂಚಿನಲ್ಲಿ! 1385 ರಲ್ಲಿ ಜಾನ್ ಟ್ರೆವೀಸಾ ಎಂಬ ಪಾದ್ರಿ ಶಾಲೆಗಳ ಬಗ್ಗೆ ಬರೆಯುತ್ತಾ, ಈಗ ಮಕ್ಕಳಿಗೆ ಪಾಠವೆಲ್ಲ ಇಂಗ್ಲಿಷಿನಲ್ಲೇ, ಅವರಿಗೆ ತಮ್ಮ ಎಡಗಾಲಿನ ಹಿಮ್ಮಡಿಗೆ ಗೊತ್ತಿರುವಷ್ಟು ಫ್ರೆಂಚೂ ಗೊತ್ತಿಲ್ಲ ಎಂದು ಗೊಣಗಿದ್ದಾನೆ.

ಬಂದ ಪದಗಳು ಎಲ್ಲಿ ಕೂತವು ಎನ್ನುವುದನ್ನು ನೋಡಿದರೆ ಸಮಾಜದ ಏಣಿಯೇ ಕಾಣುತ್ತದೆ. ಬೇಕರ್, ಮಿಲ್ಲರ್, ಸ್ಮಿತ್, ಶೂಮೇಕರ್ ಇಂಗ್ಲಿಷ್. ದೊಡ್ಡವರ ಮನೆಗೆ ಕೆಲಸ ಮಾಡಿಕೊಡುವ ಟೇಲರ್, ಪೇಂಟರ್, ಮೇಸನ್ ಫ್ರೆಂಚ್. ರಾಜ, ರಾಣಿ ಮಾತ್ರ ‘ಕಿಂಗ್’, ‘ಕ್ವೀನ್’ ಆಗಿಯೇ ಉಳಿದರು. ‘ಅರ್ಲ್’ ಎಂಬ ಹಳೇ ಬಿರುದೂ ಉಳಿಯಿತು, ಆದರೆ ಅರ್ಲನ ಹೆಂಡತಿ ‘ಕೌಂಟೆಸ್’ ಆದಳು. ಗಂಡ ಇಂಗ್ಲಿಷ್, ಹೆಂಡತಿ ಫ್ರೆಂಚ್!

ಸಂಬಂಧಗಳ ಹೆಸರು ಇನ್ನೂ ಸ್ವಾರಸ್ಯ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಇಷ್ಟು ಹತ್ತಿರದವರೆಲ್ಲ ಜರ್ಮಾನಿಕ್. ಒಂದು ಹೆಜ್ಜೆ ದೂರ ಹೋದರೆ ಅಂಕಲ್, ಆಂಟ್, ಕಸಿನ್, ನೆವ್ಯೂ, ನೀಸ್, ಎಲ್ಲ ಫ್ರೆಂಚ್. ಹಾಗಾದರೆ ಹಳೇ ಇಂಗ್ಲಿಷಿನಲ್ಲಿ ಇವರಿಗೆ ಹೆಸರಿರಲಿಲ್ಲವಾ? ಇತ್ತು, ನಮ್ಮ ಹಾಗೇ ಬಿಡಿಬಿಡಿಯಾಗಿ ಇತ್ತು. ತಾಯಿಯ ತಮ್ಮ ‘ಏಆಮ್’, ತಂದೆಯ ತಮ್ಮ ‘ಫ್ಯಾದೆರ’, ತಂದೆಯ ತಂಗಿ ‘ಫಾಥು’, ತಾಯಿಯ ತಂಗಿ ‘ಮೋದ್ರಿಯೆ’. ಸೋದರಮಾವ ಬೇರೆ, ಚಿಕ್ಕಪ್ಪ ಬೇರೆ. ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ. ಫ್ರೆಂಚ್ ಬಂದು ನಾಲ್ಕನ್ನು ಎರಡು ಮಾಡಿತು. ಲ್ಯಾಟಿನ್ನಿಗೆ ಹೋದರೆ ಅಲ್ಲೂ ನಾಲ್ಕು ಇದ್ದವು. ‘ಅಂಕಲ್’ ಹುಟ್ಟಿದ್ದು ‘ಅವುಂಕುಲುಸ್’ ಎಂಬ ಪದದಿಂದ, ಅದರ ಅರ್ಥ ಬರೀ ಸೋದರಮಾವ. ‘ಆಂಟ್’ ಹುಟ್ಟಿದ್ದು ‘ಅಮಿತಾ’ದಿಂದ, ಬರೀ ಸೋದರತ್ತೆ. ಈಗ ಬೆಂಗಳೂರಿನಲ್ಲಿ ತರಕಾರಿ ಅಂಗಡಿಯವರೂ ಅಂಕಲ್, ಪಕ್ಕದ ಮನೆಯವರೂ ಆಂಟಿ.

ಮಾಂಸದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೀವೂ ಹೇಳಿರುತ್ತೀರಿ. ಹಟ್ಟಿಯಲ್ಲಿ ಇದ್ದಾಗ ‘ಶೀಪ್’, ‘ಪಿಗ್’, ‘ಕಾಫ್’. ತಟ್ಟೆಗೆ ಬಂದಾಗ ‘ಮಟನ್’, ‘ಪೋರ್ಕ್’, ‘ವೀಲ್’. ಸಾಕುವವನು ಇಂಗ್ಲಿಷಿನವನು, ತಿನ್ನುವವನು ನಾರ್ಮನ್. ಇದನ್ನು ಮನೆಮಾತು ಮಾಡಿದ್ದು 1819 ರಲ್ಲಿ ವಾಲ್ಟರ್ ಸ್ಕಾಟ್, ತನ್ನ ‘ಐವನ್‌ಹೋ’ ಕಾದಂಬರಿಯಲ್ಲಿ ಒಬ್ಬ ಹಂದಿ ಕಾಯುವವನಿಗೂ ಒಬ್ಬ ವಿದೂಷಕನಿಗೂ ನಡೆಯುವ ಮಾತಿನಲ್ಲಿ. ಕಥೆ ಚೆನ್ನಾಗಿದೆ, ಪೂರ್ತಿ ನಿಜವಲ್ಲ. ಫ್ರೆಂಚಿನಲ್ಲಿ ‘ಮೂತೋಂ’ ಎಂದರೆ ಜೀವಂತ ಕುರಿಯೂ ಹೌದು, ಅದರ ಮಾಂಸವೂ ಹೌದು. ಇಂಗ್ಲಿಷಿಗೆ ಬಂದ ಮೇಲೂ ಬಹಳ ಕಾಲ ‘ಮಟನ್’, ‘ಬೀಫ್’ ಪದಗಳನ್ನು ಜೀವಂತ ಪ್ರಾಣಿಗೂ ಬಳಸುತ್ತಿದ್ದರು. ಹಟ್ಟಿಗೊಂದು ತಟ್ಟೆಗೊಂದು ಎಂದು ಅಚ್ಚುಕಟ್ಟಾಗಿ ಬೇರೆಯಾದದ್ದು ಎಷ್ಟೋ ಶತಮಾನದ ಮೇಲೆ. ಹಾಗಾಗಿ ಕ್ಲಾಸಿನಲ್ಲಿ ಹೇಳಿ, ಆದರೆ 1066 ರ ಮಾರನೇ ದಿನವೇ ಹೀಗಾಯಿತು ಎನ್ನಬೇಡಿ. ನಮ್ಮಲ್ಲಂತೂ ಕುರಿಯೂ ಮಟನ್ನೇ, ಆಡೂ ಮಟನ್ನೇ.

ಕೋರ್ಟಿನ ವಿಷಯಕ್ಕೆ ಬಂದರೆ, 1362 ರ ಕಾನೂನಿಗೆ ವಕೀಲರು ಅಷ್ಟೇನೂ ಕಿವಿಗೊಡಲಿಲ್ಲ. ಬರೆಯುವುದಕ್ಕೆ ತಮ್ಮದೇ ಒಂದು ಕಾನೂನು ಫ್ರೆಂಚನ್ನು ಇಟ್ಟುಕೊಂಡು ಇನ್ನೂ ಮುನ್ನೂರು ಚಿಲ್ಲರೆ ವರ್ಷ ತಳ್ಳಿದರು. ಅದು ಕೊನೆಕೊನೆಗೆ ಯಾವ ಸ್ಥಿತಿಗೆ ಬಂದಿತ್ತು ಎನ್ನುವುದಕ್ಕೆ 1631 ರ ಒಂದು ಟಿಪ್ಪಣಿ ಇದೆ. ಸಾಲ್ಸ್‌ಬರಿಯಲ್ಲಿ ಶಿಕ್ಷೆಯಾದ ಕೈದಿಯೊಬ್ಬ ಜಡ್ಜಿನ ಮೇಲೆ ಇಟ್ಟಿಗೆ ಚೂರು ಎಸೆದ, ಸ್ವಲ್ಪದರಲ್ಲೇ ತಪ್ಪಿತು. ಅದನ್ನು ಬರೆದವನು ‘ಜೆಕ್ಟ್ ಉನ್ ಬ್ರಿಕ್‌ಬ್ಯಾಟ್’ ಎಂದು ಶುರು ಮಾಡಿ ‘ಕೆ ನ್ಯಾರೋಲಿ ಮಿಸ್ಟ್’ ಎಂದು ಮುಗಿಸಿದ್ದಾನೆ. ‘ಉನ್’, ‘ಕೆ’ ಫ್ರೆಂಚ್, ಇಟ್ಟಿಗೆ ಚೂರಿನಿಂದ ಹಿಡಿದು ಗುರಿ ತಪ್ಪುವವರೆಗೆ ಮುಖ್ಯವಾದದ್ದೆಲ್ಲ ಇಂಗ್ಲಿಷ್. ಕೈದಿಯ ಗತಿ ನಗುವಂಥದ್ದಲ್ಲ, ಅವನ ಬಲಗೈ ಕಡಿಸಿ ಅಲ್ಲೇ ನೇಣು ಹಾಕಿದರು. ಕೋರ್ಟಿನಿಂದ ಫ್ರೆಂಚ್, ಲ್ಯಾಟಿನ್ ಎರಡನ್ನೂ ಪೂರ್ತಿ ಹೊರಗೆ ಹಾಕಿದ ಕಾನೂನು ಬಂದದ್ದು 1731 ರಲ್ಲಿ, ಜಾರಿಯಾದದ್ದು 1733 ರಲ್ಲಿ.

ಭಾಷೆ ಹೋಯಿತು, ಪದಗಳು ಹೋಗಲಿಲ್ಲ. ಆ ಪದಗಳೇ ಹಡಗು ಹತ್ತಿ ಇಲ್ಲಿಗೂ ಬಂದಿವೆ. ಕೋರ್ಟು, ಜಡ್ಜು, ಅಪೀಲು, ಸಮನ್ಸು, ವಾರಂಟು, ಡಿಕ್ರಿ ಎಲ್ಲ ಫ್ರೆಂಚ್ ದಾರಿಯವು. ಅಫಿಡವಿಟ್ಟು ನೇರ ಲ್ಯಾಟಿನ್. ನಮ್ಮ ಸಂವಿಧಾನದ 226 ನೇ ವಿಧಿಯಲ್ಲಿ ಹೈಕೋರ್ಟಿಗೆ ಕೊಟ್ಟಿರುವ ರಿಟ್‌ಗಳ ಹೆಸರು ನೋಡಿ: ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಸರ್ಶಿಯೊರರಿ. ಶುದ್ಧ ಲ್ಯಾಟಿನ್. ಮುಖ್ಯ ನ್ಯಾಯಮೂರ್ತಿಗಳಲ್ಲದ ಉಳಿದ ಜಡ್ಜುಗಳಿಗೆ ‘ಪ್ಯೂನಿ ಜಡ್ಜ್’ ಎನ್ನುವುದುಂಟು. ಹಳೇ ಫ್ರೆಂಚಿನಲ್ಲಿ ಆಮೇಲೆ ಹುಟ್ಟಿದವನು, ಕಿರಿಯ ಎಂದು ಅರ್ಥ. ಅದೇ ಪದ ಬೀದಿಯಲ್ಲಿ ಸವೆದು ಬೇರೆ ಸ್ಪೆಲ್ಲಿಂಗಿನಲ್ಲಿ ‘ಪ್ಯೂನಿ’, ಪೀಚಲು, ಆಯಿತು. ಯಾವುದಾದರೂ ನ್ಯಾಯಮೂರ್ತಿಗಳ ಎದುರು ಇದನ್ನು ಹೇಳಲು ಹೋಗಬೇಡಿ. ‘ಗವರ್ನರ್ ಜನರಲ್’, ‘ಅಟಾರ್ನಿ ಜನರಲ್’ ಎಂಬಲ್ಲಿ ವಿಶೇಷಣ ಹಿಂದೆ ಬಂದಿರುವುದೂ ಫ್ರೆಂಚ್ ಕ್ರಮ. ಬಹುವಚನದ ಎಸ್ ‘ಅಟಾರ್ನಿ’ಗೆ ಹತ್ತುತ್ತದೆ, ‘ಜನರಲ್’ಗೆ ಅಲ್ಲ, ಎನ್ನುವ ಪರೀಕ್ಷೆಯ ಪ್ರಶ್ನೆಗೆ ಕಾರಣ ಇದೇ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಸೂದೆಗೆ ರಾಜರ ಒಪ್ಪಿಗೆಯನ್ನು ಇವತ್ತಿಗೂ ಸಾರುವುದು ಹಳೇ ನಾರ್ಮನ್ ಫ್ರೆಂಚಿನಲ್ಲಿ.

ಈಗ ನಿಮ್ಮ ಹುಡುಗನ ಬಿ. ಜಾಣ ಪ್ರಶ್ನೆ ಕೇಳಿದ್ದಾನೆ. ಫ್ರೆಂಚಿನಿಂದ ಈ ಪದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಡಿ, ಇ, ಎರಡು ಟಿ, ಇ ಎಂದು ಬರೆಯುತ್ತಿದ್ದರು, ಹೆಚ್ಚುಕಡಿಮೆ ಹಾಗೇ ಓದುತ್ತಿದ್ದರು. 16ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಓದುವ ಹುಚ್ಚು ಹೆಚ್ಚಾಗಿತ್ತು. ವಿದ್ವಾಂಸರು ನೋಡಿದರು: ಮೂಲದ ಲ್ಯಾಟಿನ್ ‘ದೇಬಿತುಂ’, ಅದರಲ್ಲಿ ಬಿ ಇದೆ, ಫ್ರೆಂಚರು ಅದನ್ನು ನುಂಗಿಬಿಟ್ಟಿದ್ದಾರೆ, ನಾವು ವಾಪಸ್ ಹಾಕೋಣ. ಹಾಕಿದರು. ಕೈ ಬರೆಯಿತು, ಬಾಯಿ ಒಪ್ಪಲಿಲ್ಲ. ‘ಡೌಟ್’ನ ಬಿ, ‘ರಿಸೀಟ್’ನ ಪಿ ಕೂಡ ಇದೇ ಗುಂಪಿನವು. ರಿಸೀಟ್‌ಗೆ ಪಿ ಹಾಕಿದವರು ಅದರ ಜೊತೆಯವೇ ಆದ ‘ಡಿಸೀಟ್’, ‘ಕನ್ಸೀಟ್’ಗೆ ಹಾಕಲು ಮರೆತರು, ಮಕ್ಕಳ ಪ್ರಾಣ ತಿನ್ನಲು ಇಷ್ಟು ಸಾಕು. ಶೇಕ್ಸ್‌ಪಿಯರನ ಒಂದು ನಾಟಕದಲ್ಲಿ ಒಬ್ಬ ಮೇಷ್ಟ್ರು ಬರುತ್ತಾನೆ. ‘ಡೆಟ್’, ‘ಡೌಟ್’ಗಳಲ್ಲಿ ಬಿ ಉಚ್ಚರಿಸದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಜನ ಅವನನ್ನು ನೋಡಿ ನಗಲಿ ಎಂದೇ ಬರೆದ ಪಾತ್ರ ಅದು.

ಕೆಲವು ಕಡೆ ಮಾತ್ರ ಬಾಯಿಯೂ ಸೋತಿತು. ‘ಪರ್ಫೆಕ್ಟ್’ ಮೊದಲು ‘ಪಾರ್ಫಿಟ್’ ಆಗಿತ್ತು, ‘ಅಡ್ವೆಂಚರ್’ ಮೊದಲು ಡಿ ಇಲ್ಲದ ‘ಅವೆಂಚರ್’. ಸ್ಪೆಲ್ಲಿಂಗ್ ತಿದ್ದಿದ ಮೇಲೆ ಉಚ್ಚಾರವೂ ಹಿಂದೆಯೇ ಬಂತು. ಎಲ್ಲಕ್ಕಿಂತ ಪೆದ್ದುತನ ‘ಐಲ್ಯಾಂಡ್’ನದು. ಅದು ಅಪ್ಪಟ ಇಂಗ್ಲಿಷ್ ಪದ, ಎಸ್ ಇರಲೇ ಇಲ್ಲ. ಫ್ರೆಂಚಿನಿಂದ ಬಂದ ‘ಐಲ್’ ಎಂಬ ಬೇರೆ ಪದಕ್ಕೆ ಲ್ಯಾಟಿನ್ ‘ಇನ್ಸುಲಾ’ ನೋಡಿ ಎಸ್ ಹಾಕಿದರು. ಇದೂ ಅದರ ನೆಂಟನೇ ಇರಬೇಕು ಎಂದು ಐಲ್ಯಾಂಡಿಗೂ ತುರುಕಿದರು. ನೆಂಟಸ್ತಿಕೆ ಏನೂ ಇಲ್ಲ. ಹಾಗಾಗಿ ಸ್ಪೆಲ್ಲಿಂಗಿನ ಕಾಟಕ್ಕೆಲ್ಲ ಫ್ರೆಂಚರನ್ನು ಬೈಯಬೇಡಿ. ಫ್ರೆಂಚ್ ರೂಢಿಯ ಲಿಪಿಕಾರರು ‘ಕ್ವೀನ್’ಗೆ ಸಿ-ಡಬ್ಲ್ಯು ತೆಗೆದು ಕ್ಯು-ಯು ಹಾಕಿದ್ದು, ‘ಹೌಸ್’ನ ಬರೀ ಯು ಜಾಗಕ್ಕೆ ಓ-ಯು ಹಾಕಿದ್ದು ನಿಜ, ಆದರೆ ಅದರಲ್ಲೊಂದು ಕ್ರಮ ಇತ್ತು. ಮಾತಾಡದ ಅಕ್ಷರಗಳಲ್ಲಿ ಎಷ್ಟೋ ಮನೆಯ ಪಂಡಿತರ ಕೆಲಸವೇ.

ಈ ಲ್ಯಾಟಿನ್ ಅಲೆಯಲ್ಲೇ ಸಾವಿರಾರು ಪದಗಳು ಪುಸ್ತಕದಿಂದ ನೇರವಾಗಿ ಬಂದವು. ವಿಜ್ಞಾನವೂ ಲ್ಯಾಟಿನ್ನಿನಲ್ಲೇ ನಡೆಯುತ್ತಿತ್ತು. ರಕ್ತ ಸುತ್ತುವುದನ್ನು ಹಾರ್ವೆ 1628 ರಲ್ಲಿ ಬರೆದದ್ದು ಲ್ಯಾಟಿನ್ನಿನಲ್ಲಿ, ನ್ಯೂಟನ್ 1687 ರಲ್ಲಿ ಗುರುತ್ವದ ಬಗ್ಗೆ ಬರೆದದ್ದು ಲ್ಯಾಟಿನ್ನಿನಲ್ಲಿ. ಅದೇ ನ್ಯೂಟನ್ 1704 ರಲ್ಲಿ ಬೆಳಕಿನ ಬಗ್ಗೆ ಬರೆಯುವಾಗ ಇಂಗ್ಲಿಷಿಗೆ ಬಂದಿದ್ದ. ಅತಿಯಾಯಿತು ಎಂದು ಗಲಾಟೆ ಮಾಡಿದವರೂ ಇದ್ದರು. ಜಾನ್ ಚೀಕ್ ಎಂಬ ವಿದ್ವಾಂಸ 1557 ರಲ್ಲಿ, ನಮ್ಮ ಭಾಷೆ ‘ಕ್ಲೀನ್ ಅಂಡ್ ಪ್ಯೂರ್’ ಆಗಿ, ಬೆರಕೆಯಿಲ್ಲದೆ ಇರಬೇಕು ಎಂದು ಬರೆದ. ಬೈಬಲ್ ಅನುವಾದ ಮಾಡುವಾಗ ‘ಲೂನಟಿಕ್’ ಬೇಡವೆಂದು ‘ಮೂನ್ಡ್’ ಎಂದು ಹಾಕಿದ. ಯಾರೂ ಎತ್ತಿಕೊಳ್ಳಲಿಲ್ಲ. ಪಾಪ, ‘ಪ್ಯೂರ್’ ಎಂಬ ಪದವೇ ಫ್ರೆಂಚಿನಿಂದ ಬಂದದ್ದು.

ಇದರ ಫಲವಾಗಿ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಮೂರು ಅಂತಸ್ತು. ‘ಆಸ್ಕ್’ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚ್, ‘ಇಂಟರಾಗೇಟ್’ ಲ್ಯಾಟಿನ್. ಅಮ್ಮ ಆಸ್ಕ್ ಮಾಡುತ್ತಾಳೆ, ಪತ್ರಕರ್ತ ಕ್ವೆಶ್ಚನ್ ಮಾಡುತ್ತಾನೆ, ಪೊಲೀಸರು ಇಂಟರಾಗೇಟ್ ಮಾಡುತ್ತಾರೆ. ಹಲ್ಲು ‘ಟೂತ್’, ಹಲ್ಲಿನ ಡಾಕ್ಟರು ‘ಡೆಂಟಿಸ್ಟ್’. ಚಂದ್ರ ‘ಮೂನ್’, ಚಂದ್ರನಿಗೆ ಸಂಬಂಧಿಸಿದ್ದು ‘ಲೂನಾರ್’. ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದಸಂಪತ್ತು ಭಾರ ಅನ್ನಿಸುವುದು ಬಹುಮಟ್ಟಿಗೆ ಇದರಿಂದ. ಒಂದು ನಾಮಪದ ಕಲಿತರೆ ಅದರ ವಿಶೇಷಣ ತಾನಾಗಿ ಬರುವುದಿಲ್ಲ, ಇನ್ನೊಂದು ಭಾಷೆಯಿಂದ ತರಬೇಕು. ನಮ್ಮ ಆಫೀಸು ಪತ್ರಗಳಲ್ಲಿ ‘ಬಿಗಿನ್’ ಎನ್ನುವ ಕಡೆ ‘ಕಮೆನ್ಸ್’ ಎಂದೇ ಬರೆಯುತ್ತಾರೆ, ‘ಆಸ್ಕ್’ ಎನ್ನುವ ಕಡೆ ‘ರಿಕ್ವೆಸ್ಟ್’. ತಪ್ಪೇನಿಲ್ಲ, ಸುಮ್ನೆ ಬಿಗುಮಾನ. ಮಕ್ಕಳಿಗೆ ಮೊದಲು ಕೆಳಗಿನ ಅಂತಸ್ತು ಗಟ್ಟಿ ಮಾಡಿಸಿ ಎಂಬುದು ನನ್ನ ಅಭಿಪ್ರಾಯ.

ವ್ಯಾಕರಣದ ಬಗ್ಗೆ ಒಂದೇ ಮಾತು. ಹಳೇ ಇಂಗ್ಲಿಷಿನಲ್ಲಿ ಇದ್ದ ವಿಭಕ್ತಿಗಳು, ಲಿಂಗಭೇದ ಎಲ್ಲ ಫ್ರೆಂಚ್ ಬಂದದ್ದಕ್ಕೆ ಉದುರಿಹೋದವು ಎಂದು ಕೆಲವು ಪುಸ್ತಕದಲ್ಲಿರುತ್ತದೆ, ನಂಬಬೇಡಿ. ಪದದ ಕೊನೆಯ ಸ್ವರಗಳು ಮಂಕಾಗುವುದು 1066 ಕ್ಕೆ ಮೊದಲೇ ಶುರುವಾಗಿತ್ತು, ಇಂಗ್ಲೆಂಡಿನ ಉತ್ತರದಲ್ಲಿ, ಅಲ್ಲಿ ಬಂದು ನೆಲೆಸಿದ್ದ ವೈಕಿಂಗರ ಜೊತೆ ಬೆರೆತ ಕಡೆ ಇನ್ನೂ ಬೇಗ. ಫ್ರೆಂಚ್ ಕೊಟ್ಟದ್ದು ‘ಮೆಂಟ್’, ‘ಏಜ್’, ‘ಏಬಲ್’ ಥರದ ಬಾಲಗಳನ್ನು. ‘ಈಟಬಲ್’, ‘ರೀಡಬಲ್’ ಎಂದು ಇಂಗ್ಲಿಷ್ ಮೈಗೆ ಅವನ್ನು ಅಂಟಿಸಿಕೊಂಡರು.

ಕೊನೆಗೆ ಕ್ಲಾಸಿನಲ್ಲಿ ಆಡಿಸಲು ಒಂದು ಆಟ. ಸಿ-ಹೆಚ್ ಇರುವ ಫ್ರೆಂಚ್ ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ: ಚೀಫ್, ಚೇರ್, ಚೈನ್, ಚೇಂಜ್ ಒಂದು ಕಡೆ, ಶೆಫ್, ಶಾಂಪೇನ್, ಷೋಫರ್ ಇನ್ನೊಂದು ಕಡೆ. ಹಳೇ ಫ್ರೆಂಚಿನಲ್ಲಿ ಸಿ-ಹೆಚ್ ಅನ್ನು ‘ಚ’ ಎಂದೇ ಓದುತ್ತಿದ್ದರು. ಆಗ ಬಂದವು ಇಂಗ್ಲಿಷಿನಲ್ಲಿ ‘ಚ’ ಆಗಿಯೇ ಉಳಿದವು. ಆಮೇಲೆ ಫ್ರಾನ್ಸಿನಲ್ಲಿ ಅದು ‘ಶ’ ಆಯಿತು, ತಡವಾಗಿ ಬಂದವು ‘ಶ’ ಹೊತ್ತು ಬಂದವು. ಚೀಫ್, ಶೆಫ್ ಎರಡೂ ಒಂದೇ ಪದ, ತಲೆ ಎಂದು ಅರ್ಥ. ಒಂದು ಬಂದದ್ದು ಮಧ್ಯಯುಗದಲ್ಲಿ, ಇನ್ನೊಂದು 19ನೇ ಶತಮಾನದಲ್ಲಿ. ಏಜ್ ಬಾಲಕ್ಕೂ ಇದೇ ಲೆಕ್ಕ: ‘ವಿಲೇಜ್’, ‘ಮ್ಯಾರೇಜ್’ ಹಳಬರು, ‘ಗರಾಜ್’, ‘ಮಸಾಜ್’ ಹೊಸಬರು. ಒಂದು ಎಚ್ಚರಿಕೆ ಇರಲಿ. ‘ಕೆಮಿಸ್ಟ್ರಿ’, ‘ಸ್ಕೂಲ್’ ಥರ ಸಿ-ಹೆಚ್ ‘ಕ’ ಆಗಿರುವ ಪದಗಳನ್ನು ಈ ಆಟಕ್ಕೆ ಸೇರಿಸಬೇಡಿ, ಅವುಗಳ ಹಿಂದೆ ಗ್ರೀಕ್ ಇದೆ. ಮಕ್ಕಳಲ್ಲಿ ಯಾರಾದರೂ ‘ಚರ್ಚ್’ ಎಂದರೆ ಅದೂ ಬೇರೆ ಲೆಕ್ಕ, ಫ್ರೆಂಚ್ ಬರುವ ಮೊದಲೇ ಇಂಗ್ಲಿಷಿನಲ್ಲಿ ಇದ್ದದ್ದು.